ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ವೈರ್ ಹೆಡ್‌ಫೋನಾ, ವೈರ್‌ಲೆಸ್ಸಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಸೇರಿಸುವ ಸಣ್ಣ ಪೆಟ್ಟಿಗೆ ಅಂದರೆ ಒಂದು ಆಡಿಯೊ ಇಂಟರ್‌ಫೇಸು, ಹಳೇ ಲ್ಯಾಪ್‌ಟಾಪು, ಗೋಡೆಗೆ ನೇತುಹಾಕಿದ ಎರಡು ರಜಾಯಿ ಇವೆ. ನನ್ನ ಸ್ಟುಡಿಯೊ ಅಂದರೆ ಇಷ್ಟೇ. ಭಾವಗೀತೆ, ದೇವರನಾಮ ಹಾಡುವವರು, ಕಥೆ ಓದಿ ಆಡಿಯೊ ಮಾಡುವವರು ಬರುತ್ತಿರುತ್ತಾರೆ. ಬಂದವರಲ್ಲಿ ಮುಕ್ಕಾಲು ಪಾಲು ಜನರ ಕಿವಿಯಲ್ಲಿ ಬ್ಲೂಟೂತ್ ಇಯರ್‌ಬಡ್ ಇರುತ್ತದೆ. "ಇದನ್ನೇ ಹಾಕ್ಕೊಂಡು ಹಾಡ್ಲಾ?" ಅನ್ನುವುದು ಮೊದಲ ಪ್ರಶ್ನೆ. ಅಲ್ಲಿಂದ ಮುಂದೆ ಬರುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದ್ದೇನೆ.

ಸುತ್ತಿ ಬಳಸಿ ಬೇಡ. ಯಾವುದು ತಗೊಳ್ಳಲಿ?

ಹಾಡುವಾಗ, ನುಡಿಸುವಾಗ ಹಾಕಿಕೊಳ್ಳಲು ವೈರ್ ಇರುವ, ಹಿಂಬದಿ ಮುಚ್ಚಿರುವ ಹೆಡ್‌ಫೋನ್. ಕೈಯಲ್ಲಿರುವ ವೈರ್‌ಲೆಸ್ ಅನ್ನು ಬಿಸಾಡಬೇಡಿ, ಅದಕ್ಕೂ ಕೆಲಸವಿದೆ, ಕೆಳಗೆ ಹೇಳುತ್ತೇನೆ.

ನನ್ನ ವೈರ್‌ಲೆಸ್‌ಗೆ 25 ಸಾವಿರ ಕೊಟ್ಟಿದೀನಿ ಸರ್. ಎರಡು ಮೂರು ಸಾವಿರದ ವೈರ್ ಹೆಡ್‌ಫೋನ್ ಅದಕ್ಕಿಂತ ಚೆನ್ನಾಗಿರುತ್ತಾ?

ಕೇಳುವುದಕ್ಕೆ ನಿಮ್ಮದೇ ಚೆನ್ನಾಗಿರಬಹುದು. ಇಲ್ಲಿ ತಕರಾರು ನಾದದ್ದಲ್ಲ, ಹೊತ್ತಿನದು.

ವೈರಿನಲ್ಲಿ ಹೋಗುವುದು ವಿದ್ಯುತ್ತು. ಇಂಟರ್‌ಫೇಸ್‌ನಿಂದ ಹೊರಟದ್ದು ಆ ಕ್ಷಣವೇ ಕಿವಿಯಲ್ಲಿರುತ್ತದೆ. ಬ್ಲೂಟೂತ್‌ನಲ್ಲಿ ಹಾಗಲ್ಲ. ದನಿಯನ್ನು ಸಣ್ಣ ಸಣ್ಣ ತುಂಡು ಮಾಡಬೇಕು, ಪ್ರತಿ ತುಂಡನ್ನೂ ಅದುಮಿ ಚಿಕ್ಕದು ಮಾಡಬೇಕು, ರೇಡಿಯೊ ಅಲೆಯ ಮೇಲೆ ಕಳಿಸಬೇಕು. ಆ ಕಡೆ ಹೆಡ್‌ಫೋನ್ ಅದನ್ನು ಹಿಡಿದು, ದಾರಿಯಲ್ಲಿ ಯಾವುದಾದರೂ ತುಂಡು ಕಳೆದುಹೋದರೆ ಮತ್ತೆ ತರಿಸಿಕೊಳ್ಳಲು ಪುರುಸೊತ್ತಿರಲಿ ಅಂತ ಒಂದಷ್ಟನ್ನು ಕೂಡಿಟ್ಟುಕೊಂಡು, ಆಮೇಲೆ ಬಿಡಿಸಿ ನುಡಿಸಬೇಕು. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ತುಂಬಲಿ ಅಂತ ಕಾಯುವ ಟೆಂಪೊ ಥರ. ಇಷ್ಟೆಲ್ಲ ಆಗುವಾಗ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ 150ರಿಂದ 250 ಮಿಲಿಸೆಕೆಂಡ್ ಕಳೆದುಹೋಗಿರುತ್ತದೆ. ಈ ತಡಕ್ಕೆ ರೆಕಾರ್ಡಿಂಗ್ ಮಾಡುವವರು ಲೇಟೆನ್ಸಿ ಅನ್ನುತ್ತಾರೆ. 25 ಸಾವಿರ ಕೊಟ್ಟಿದ್ದಕ್ಕೆ ಈ ತಡವೇನೂ ಮಾಯವಾಗಿರುವುದಿಲ್ಲ. ಆ ದುಡ್ಡು ಗದ್ದಲ ಅಳಿಸುವ ಚಿಪ್ಪಿಗೆ, ಬ್ಯಾಟರಿಗೆ, ಹೆಸರಿಗೆ ಹೋಗಿರುತ್ತದೆ.

200 ಮಿಲಿಸೆಕೆಂಡ್ ಅಂದ್ರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಅಷ್ಟಕ್ಕೆ ಯಾಕೆ ಇಷ್ಟು ರಾದ್ಧಾಂತ?

ಮೂರು ಥರ ಲೆಕ್ಕ ಹಾಕಿ ನೋಡೋಣ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಹೆಚ್ಚುಕಡಿಮೆ 343 ಮೀಟರ್ ಹೋಗುತ್ತದೆ. 200 ಮಿಲಿಸೆಕೆಂಡ್ ಅಂದರೆ 68 ಮೀಟರಿಗೂ ಮೇಲೆ. ಅಂದರೆ ನೀವು ಈ ತುದಿಯಲ್ಲಿ ಕೂತು ಹಾಡುತ್ತಿದ್ದೀರಿ, ಮೃದಂಗದವರನ್ನು ಸ್ಕೂಲಿನ ಆಟದ ಮೈದಾನದ ಆ ತುದಿಯಲ್ಲಿ ಕೂರಿಸಿದ್ದೀರಿ. ಯಾವ ಕಛೇರಿಯಲ್ಲಿ ಯಾರು ಹೀಗೆ ಕೂರುತ್ತಾರೆ?

ಇನ್ನೊಂದು ಲೆಕ್ಕ ತಾಳದ್ದು. ಲಯ ಹಿಡಿದು ಟಿಕ್ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 80 ಏಟಿಗೆ ಇಟ್ಟು ಆದಿತಾಳ ಹಾಕಿ. ಒಂದು ಅಕ್ಷರಕ್ಕೆ 750 ಮಿಲಿಸೆಕೆಂಡ್. ಅದರೊಳಗೆ ತ-ಕ-ಧಿ-ಮಿ ಅಂತ ನಾಲ್ಕು ಮಾತ್ರೆ, ಒಂದೊಂದಕ್ಕೆ 187.5. ಬ್ಲೂಟೂತ್ ಹಾಕಿಕೊಂಡು ಇದನ್ನು ಹೇಳಿದರೆ, ನೀವು 'ಕ' ಅನ್ನುವ ಹೊತ್ತಿಗೆ ಕಿವಿಯಲ್ಲಿ ನಿಮ್ಮದೇ 'ತ' ಕೇಳುತ್ತದೆ. 'ಧಿ' ಅಂದಾಗ 'ಕ'. ಒಂದು ಮಾತ್ರೆ ಪೂರ್ತಿ ಹಿಂದೆ.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಮನುಷ್ಯನಿಗೆ ತನ್ನ ಮಾತನ್ನೇ ಸ್ವಲ್ಪ ತಡವಾಗಿ ಕೇಳಿಸಿದರೆ ನಾಲಿಗೆ ತೊದಲುತ್ತದೆ, ಮಾತು ಎಳೆಯುತ್ತದೆ, ಕೆಲವರಿಗೆ ಮಾತೇ ನಿಲ್ಲುತ್ತದೆ. ಬರ್ನಾರ್ಡ್ ಲೀ ಎಂಬ ಅಮೆರಿಕದವರು 1950ರಲ್ಲೇ ಇದನ್ನು ಬರೆದಿಟ್ಟರು. ಈ ತೊದಲು ಅತಿ ಹೆಚ್ಚು ಕಾಣುವುದು ತಡ ಸುಮಾರು 200 ಮಿಲಿಸೆಕೆಂಡ್ ಇದ್ದಾಗ. ಇದೇ ಗುಟ್ಟನ್ನು ಹಿಡಿದು ಜಪಾನಿನ ಇಬ್ಬರು ಸಂಶೋಧಕರು, ಎದುರಿನವರ ಬಾಯಿ ಮುಚ್ಚಿಸುವ ಸ್ಪೀಚ್‌ಜ್ಯಾಮರ್ ಎಂಬ ಯಂತ್ರವನ್ನೇ ಮಾಡಿ 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ತಗೊಂಡರು. ಬ್ಲೂಟೂತ್ ಹಾಕಿಕೊಂಡು ತನ್ನ ದನಿ ಕೇಳುತ್ತಾ ಹಾಡಲು ಹೊರಟವರು ಆ ಯಂತ್ರವನ್ನು ದುಡ್ಡು ಕೊಟ್ಟು ಕಿವಿಗೆ ಕಟ್ಟಿಕೊಂಡ ಹಾಗೆ.

ಆದ್ರೆ ನಾನು ಅದರಲ್ಲೇ ಸಿನಿಮಾ ನೋಡ್ತೀನಿ. ತುಟಿಗೂ ಮಾತಿಗೂ ಸರಿಯಾಗೇ ಇರುತ್ತಲ್ಲ?

ಇರುತ್ತದೆ, ಯಾಕೆಂದರೆ ಅಲ್ಲಿ ಫೋನು ಚಿತ್ರವನ್ನೇ ಅಷ್ಟು ಹೊತ್ತು ತಡೆದು ತೋರಿಸುತ್ತದೆ. ಸಿನಿಮಾ ಮೊದಲೇ ಆಗಿಹೋದ ಸಂಗತಿ, ತಡೆದರೂ ನಡೆಯುತ್ತದೆ. ನಿಮ್ಮ ಗಂಟಲನ್ನು ಯಾರು ತಡೆಯುತ್ತಾರೆ?

ಕರೋಕೆ ಟ್ರ್ಯಾಕ್ ಮಾತ್ರ ಬ್ಲೂಟೂತ್‌ನಲ್ಲಿ ಕೇಳ್ತೀನಿ, ನನ್ನ ದನಿ ಬರೀ ಕಿವೀಲಿ ಕೇಳ್ಕೊತೀನಿ. ಆಗ ಆಗುತ್ತಾ?

ಆಗುತ್ತದೆ, ಒಂದು ಷರತ್ತಿನ ಮೇಲೆ. ಆ ಷರತ್ತು ಗೊತ್ತಿಲ್ಲದೆ ನಾನು ಮಾಡಿದ ಒಂದು ಪಾಪ ಹೇಳಬೇಕು.

ಕೆಲವು ವರ್ಷದ ಹಿಂದೆ ಅಕ್ಕನ ಮಗಳು ಒಂದು ಸ್ಪರ್ಧೆಗೆ ಅಂತ ದೇವರನಾಮ ರೆಕಾರ್ಡ್ ಮಾಡಿಸಿಕೊಳ್ಳಲು ಬಂದಳು. ನನ್ನ ಹೆಡ್‌ಫೋನಿನ ವೈರು ಅವತ್ತು ಕಿತ್ತುಹೋಗಿತ್ತು. "ಮಾಮಾ, ನನ್ನ ಬಡ್ಸ್ ಇದೆಯಲ್ಲ" ಅಂದಳು. ಸರಿ ಅಂತ ಅದನ್ನೇ ಹಾಕಿಸಿ ಹಾಡಿಸಿದೆ. ಹಾಡುವಾಗ ಎಲ್ಲ ಚೆನ್ನಾಗೇ ಇತ್ತು. ಫೈಲು ಕಳಿಸಿದ ಮೇಲೆ ಅವಳ ಮೇಷ್ಟ್ರು ಕೇಳಿ, "ಏನಮ್ಮಾ, ಪ್ರತಿ ಎತ್ತುಗಡೆಯೂ ಹಿಂದೆ ಬೀಳ್ತಾ ಇದೆಯಲ್ಲ, ತಾಳ ಹಾಕ್ಕೊಂಡು ಅಭ್ಯಾಸ ಮಾಡು" ಅಂದರಂತೆ. ಹುಡುಗಿ ಅತ್ತಳು. ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ಟ್ರ್ಯಾಕು ಅವಳ ಕಿವಿಗೆ ತಡವಾಗಿ ಮುಟ್ಟುತ್ತಿತ್ತು, ಅವಳು ಕೇಳಿದ್ದಕ್ಕೆ ಸರಿಯಾಗಿ ಹಾಡಿದ್ದಳು, ಮೈಕು ಅದನ್ನು ಹಿಡಿದ ಹೊತ್ತಿಗೆ ಕಂಪ್ಯೂಟರಿನೊಳಗಿನ ಟ್ರ್ಯಾಕು ಅಷ್ಟು ಮುಂದೆ ಹೋಗಿಬಿಟ್ಟಿತ್ತು. ಅವಳ ದನಿಯ ಟ್ರ್ಯಾಕನ್ನು ಹಿಡಿದು ಒಂದಿಷ್ಟು ಎಡಕ್ಕೆ ಎಳೆದೆ. ತಾಳ ಕಟ್ಟಿನಿಟ್ಟಾಗಿ ಕೂತಿತು. ಮೇಷ್ಟ್ರಿಗೆ ಫೋನು ಮಾಡಿ ತಪ್ಪು ನನ್ನದು ಅಂತ ಹೇಳಿದೆ.

ಷರತ್ತು ಇದೇ: ಎಷ್ಟು ಎಳೆಯಬೇಕು ಅಂತ ಮೊದಲೇ ಅಳೆದಿಟ್ಟುಕೊಳ್ಳಬೇಕು. ಇಯರ್‌ಬಡ್ಡನ್ನು ಮೈಕಿನ ಬಾಯಿಗೆ ಒತ್ತಿ ಹಿಡಿದು, ಸಾಫ್ಟ್‌ವೇರಿನ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್ ಟ್ರ್ಯಾಕ್ ಹಾಕಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಪರದೆ ಮೇಲೆ ದೊಡ್ಡದು ಮಾಡಿ ನೋಡಿದರೆ ಮೇಲಿನ ಟ್ರ್ಯಾಕಿನ ಮುಳ್ಳಿಗೂ ಕೆಳಗಿನ ಮುಳ್ಳಿಗೂ ನಡುವೆ ಜಾಗ ಕಾಣುತ್ತದೆ. ಅದೇ ನಿಮ್ಮ ತಡ. ದನಿಯ ಟ್ರ್ಯಾಕನ್ನು ಅಷ್ಟು ಎಡಕ್ಕೆ ಸರಿಸಿ. ಆದರೆ ಇದು ದಿನಾ ಒಂದೇ ಇರುವುದಿಲ್ಲ. ಕಿತ್ತು ಮತ್ತೆ ಕನೆಕ್ಟ್ ಮಾಡಿದರೆ ಬೇರೆ ಆಗಬಹುದು, ಹಾಡಿನ ನಡುವೆಯೇ ಜಾರಲೂಬಹುದು. ತುರ್ತಿಗೆ ಸೈ, ನೆಚ್ಚಿಕೊಳ್ಳಲು ಅಲ್ಲ.

ಸಾಫ್ಟ್‌ವೇರ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಅಂತ ಇದೆಯಲ್ಲ, ಅದು ತಾನೇ ಸರಿ ಮಾಡಲ್ವಾ?

ಅದು ಮಾಡುವುದು ಮೇಲೆ ನಾನು ಕೈಯಲ್ಲಿ ಮಾಡಿದ ಕೆಲಸವನ್ನೇ: ಆದ ಮೇಲೆ ಎಳೆದು ಸರಿಸುವುದು. ಅದೂ ತನ್ನ ಇಂಟರ್‌ಫೇಸ್ ಎಷ್ಟು ತಡ ಅಂತ ಹೇಳುತ್ತದೋ ಅಷ್ಟೇ. ಬ್ಲೂಟೂತ್ ಗಾಳಿಯಲ್ಲಿ ತಿಂದ ಹೊತ್ತು ಹಲವು ಸಲ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹಾಡುವ ಹೊತ್ತಿನಲ್ಲಿ ನಿಮ್ಮ ಕಿವಿಗೆ ಬೇಗ ಕೇಳಿಸುವ ಶಕ್ತಿ ಯಾವ ಸಾಫ್ಟ್‌ವೇರಿಗೂ ಇಲ್ಲ.

ಇಯರ್‌ಬಡ್‌ನಲ್ಲಿರೋ ಮೈಕಿನಲ್ಲೇ ಹಾಡಿದ್ರೆ?

ಬೇಡ.

ಕಾರಣ ಬೇಕೆಂದರೆ: ಬ್ಲೂಟೂತ್ ಹಾಡು ಕೇಳಿಸುವುದಕ್ಕೆ ಒಂದು ದಾರಿ, ಫೋನಿನಲ್ಲಿ ಮಾತಾಡುವುದಕ್ಕೆ ಇನ್ನೊಂದು ದಾರಿ ಇಟ್ಟುಕೊಂಡಿದೆ. ಮೊದಲನೆಯದು ಚೆನ್ನಾಗಿರುತ್ತದೆ, ಆದರೆ ಒಂದೇ ಕಡೆ ಹೋಗುತ್ತದೆ. ಮೈಕು ಆನ್ ಆದ ತಕ್ಷಣ ಎರಡೂ ಕಡೆ ದನಿ ಓಡಬೇಕು, ಆಗ ಅದು ಮಾತಿನ ದಾರಿಗೆ ಇಳಿಯುತ್ತದೆ. ಅಲ್ಲಿ ದನಿಯನ್ನು ಸೆಕೆಂಡಿಗೆ 8 ಸಾವಿರ ಅಥವಾ 16 ಸಾವಿರ ಸಲ ಮಾತ್ರ ಅಳೆಯುತ್ತಾರೆ. ಸಿ.ಡಿ.ಯಲ್ಲಿ ಅದು 44,100. ಹಾಗಾಗಿ 'ಸ', 'ಶ'ಗಳ ಮೊನೆ ಹೋಗಿ, ತಂಬೂರಿಯ ಝೇಂಕಾರ ಸತ್ತು, ಎಲ್ಲವೂ ಹಳೇ ಲ್ಯಾಂಡ್‌ಲೈನಿನಲ್ಲಿ ಕೇಳಿದ ಹಾಗಾಗುತ್ತದೆ. ಎಡ ಬಲ ಕೂಡ ಹೋಗಿ ಒಂದೇ ಆಗುತ್ತದೆ.

"ರೆಕಾರ್ಡ್ ಒತ್ತಿದ ಕೂಡಲೇ ಟ್ರ್ಯಾಕು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ, ಹೆಡ್‌ಫೋನ್ ಕೆಟ್ಟಿದೆ" ಅಂತ ಎಷ್ಟೋ ಜನ ಹೇಳುತ್ತಾರೆ. ಕೆಟ್ಟಿಲ್ಲ, ದಾರಿ ಬದಲಾಗಿದೆ ಅಷ್ಟೇ. ಸೆಟ್ಟಿಂಗ್ಸಿಗೆ ಹೋಗಿ ಇನ್‌ಪುಟ್ ಅನ್ನು ಲ್ಯಾಪ್‌ಟಾಪಿನ ಮೈಕಿಗೋ ಹೊರಗಿನ ಮೈಕಿಗೋ ಬದಲಾಯಿಸಿದರೆ ಹಾಡು ಮತ್ತೆ ತೇಲಿ ಮೇಲೆ ಬರುತ್ತದೆ.

ಎಲ್‌ಡ್ಯಾಕ್, ಆಪ್ಟ್‌ಎಕ್ಸ್ ಅಂತ ಬಾಕ್ಸ್ ಮೇಲೆ ಬರೆದಿರುತ್ತೆ. ಅದಿದ್ರೆ ಸಾಕಾ?

ಅವು ದನಿಯನ್ನು ಅದುಮುವ ವಿಧಾನಗಳು. ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್ ವರೆಗೆ ಕಳಿಸುತ್ತದೆ, ಸಿ.ಡಿ.ಯದು 1,411. ಅಂದರೆ ಗುಣಮಟ್ಟ ಚೆನ್ನಾಗಿದೆ. ತಡ ಕಮ್ಮಿಯಾಗಿದೆ ಅಂತ ಅರ್ಥವಲ್ಲ. ತಡ ಕಮ್ಮಿ ಮಾಡಲೆಂದೇ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಎಂಬುದು ಬಂತು, ಸುಮಾರು 40 ಮಿಲಿಸೆಕೆಂಡ್. ಆದರೆ ಅದು ಕಳಿಸುವ ಕಡೆ, ಕೇಳುವ ಕಡೆ ಎರಡರಲ್ಲೂ ಇರಬೇಕು. ಐಫೋನಿನಲ್ಲಂತೂ ಎಲ್‌ಡ್ಯಾಕೂ ಇಲ್ಲ, ಆಪ್ಟ್‌ಎಕ್ಸೂ ಇಲ್ಲ.

ಗೇಮಿಂಗ್ ಹೆಡ್‌ಸೆಟ್‌ಗೆ ಒಂದು ಸಣ್ಣ ಯುಎಸ್‌ಬಿ ಡಾಂಗಲ್ ಬರುತ್ತೆ, ಅದು ಬ್ಲೂಟೂತ್ ಅಲ್ಲ ಅಂತಾರೆ…

ಹೌದು, ಬ್ಲೂಟೂತ್ ಬಳಸುವ ಅದೇ 2.4 ಗಿಗಾಹರ್ಟ್ಸ್ ಅಲೆ, ಆದರೆ ತಮ್ಮದೇ ನೇರ ದಾರಿ. ತಡ ಗಣನೀಯವಾಗಿ ಕಮ್ಮಿ. ಸಂಗೀತದವರಿಗೆಂದೇ ಡೆನ್ಮಾರ್ಕಿನ ಎಐಎಐಎಐ ಕಂಪನಿ ಹೀಗೆ ಒಂದು ಮಾಡಿದೆ, ಅವರು ಹೇಳುವ ತಡ 16 ಮಿಲಿಸೆಕೆಂಡ್. ಮೈದಾನದ ಆ ತುದಿಯಲ್ಲಿದ್ದ ಮೃದಂಗದವರು ಐದೂವರೆ ಮೀಟರಿಗೆ ಬಂದು ಕೂತ ಹಾಗೆ. ಬೀಟ್ ಮಾಡುವವರಿಗೆ, ಕೀಬೋರ್ಡಿನಲ್ಲಿ ನಿಧಾನದ ಸ್ವರ ಹಿಡಿಯುವವರಿಗೆ ನಡೆಯುತ್ತದೆ.

ಹಾಡುವವರಿಗೆ ಇದೂ ಕಷ್ಟ. ನಿಮ್ಮ ದನಿ ನಿಮಗೆ ಗಾಳಿಯಲ್ಲಿ ಮಾತ್ರ ಕೇಳುವುದಿಲ್ಲ, ತಲೆಬುರುಡೆಯ ಮೂಳೆಯ ಮೂಲಕ ನೇರವಾಗಿಯೂ ಕೇಳುತ್ತದೆ. ಅದಕ್ಕೆ ತಡವೇ ಇಲ್ಲ. ಅದರ ಮೇಲೆ ಹೆಡ್‌ಫೋನಿನಿಂದ ಅದೇ ದನಿ ಕೆಲವೇ ಮಿಲಿಸೆಕೆಂಡ್ ತಡವಾಗಿ ಬಂದರೂ ಎರಡೂ ಒಂದರ ಮೇಲೊಂದು ಕೂತು ಕೆಲವು ಸ್ವರ ಉಬ್ಬುತ್ತವೆ, ಕೆಲವು ಅಳಿಸಿಹೋಗುತ್ತವೆ. ಕೊಳವೆಯೊಳಗೆ ಬಾಯಿಟ್ಟು ಹಾಡಿದ ಹಾಗಿರುತ್ತದೆ. ಶ್ರುತಿ ನೋಡಿಕೊಳ್ಳುವವರಿಗೆ ಇದರಷ್ಟು ಹಿಂಸೆ ಇನ್ನೊಂದಿಲ್ಲ.

ವೈರ್ ಹಾಕಿದೀನಿ. ಆದ್ರೂ ನನ್ನ ದನಿ ತಡವಾಗೇ ಕೇಳ್ತಿದೆ! ಈಗೇನು?

ವೈರು ತಗೊಂಡ ಅರ್ಧ ಜನ ಇಲ್ಲಿಗೆ ಬಂದು ನಿಲ್ಲುತ್ತಾರೆ. ತಡ ಈಗ ಕಂಪ್ಯೂಟರಿನೊಳಗಿದೆ.

ಮೈಕಿನ ದನಿ ಕಂಪ್ಯೂಟರಿಗೆ ಹೋಗಿ, ಸಾಫ್ಟ್‌ವೇರ್ ದಾಟಿ, ವಾಪಸ್ ನಿಮ್ಮ ಕಿವಿಗೆ ಬರುತ್ತಿದೆ. ಕಂಪ್ಯೂಟರು ದನಿಯನ್ನು ಬಕೆಟ್ ಬಕೆಟ್ ಲೆಕ್ಕದಲ್ಲಿ ತಗೊಳ್ಳುತ್ತದೆ. ಆ ಬಕೆಟ್ಟೇ ಬಫರ್. ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ (ದನಿಯ ಅಳತೆ) ಲೆಕ್ಕದಲ್ಲಿ 1024 ಸ್ಯಾಂಪಲ್‌ನ ಬಫರ್ ತುಂಬಲು 21 ಮಿಲಿಸೆಕೆಂಡ್ ಬೇಕು. ಒಳಗೆ ಹೋಗಲು ಒಂದು, ಹೊರಗೆ ಬರಲು ಒಂದು, ಅಂದರೆ 40 ದಾಟಿತು. ಅದನ್ನೇ 128ಕ್ಕೆ ಇಳಿಸಿದರೆ ಒಂದು ಬಕೆಟ್ಟಿಗೆ 2.7 ಮಿಲಿಸೆಕೆಂಡ್. ಹಳೇ ಲ್ಯಾಪ್‌ಟಾಪ್ ಆದರೆ 128ರಲ್ಲಿ ಚಟಪಟ ಅನ್ನಲು ಶುರುಮಾಡುತ್ತದೆ, ಆಗ 256. ವಿಂಡೋಸ್ ಆಗಿದ್ದರೆ ತಡ ಕಮ್ಮಿ ಮಾಡಲೆಂದೇ ಇರುವ, ನಿಮ್ಮ ಇಂಟರ್‌ಫೇಸ್ ಕಂಪನಿಯ ಆಸಿಯೊ (ASIO) ಡ್ರೈವರ್ ಸಾಫ್ಟ್‌ವೇರ್ ಹಾಕಿಕೊಳ್ಳದೆ ಈ ಆಟ ಆಡಲು ಹೋಗಬೇಡಿ, ಏಗುವುದಿಲ್ಲ.

ಇದಕ್ಕಿಂತ ಸುಲಭದ ದಾರಿ ಇಂಟರ್‌ಫೇಸಿನ ಮುಂದೆಯೇ ಇದೆ. 'ಡೈರೆಕ್ಟ್ ಮಾನಿಟರ್' ಅಂತಲೋ, ಒಂದು ಕಡೆ ಇನ್‌ಪುಟ್ ಇನ್ನೊಂದು ಕಡೆ ಪ್ಲೇಬ್ಯಾಕ್ ಅಂತ ಬರೆದ ತಿರುಗಣೆಯೋ ಇರುತ್ತದೆ. ಅದನ್ನು ಆನ್ ಮಾಡಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಕವಲೊಡೆದು ನೇರ ನಿಮ್ಮ ಹೆಡ್‌ಫೋನಿಗೆ ಬರುತ್ತದೆ. ತಡ ಗೊತ್ತೇ ಆಗುವುದಿಲ್ಲ. ಆದರೆ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರ್ ಗುಂಡಿ ಆಫ್ ಮಾಡಲು ಮರೆತರೆ ನೇರ ಬಂದದ್ದೂ ಕೇಳುತ್ತದೆ, ಸುತ್ತಿ ಬಂದದ್ದೂ ಕೇಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಎರಡು ದನಿ. ಅದನ್ನು ಎಕೋ ಅಂದುಕೊಂಡು ಮೈಕನ್ನು ವಾಪಸ್ ಮಾಡಿದವರನ್ನೂ ನೋಡಿದ್ದೇನೆ.

ಡೈರೆಕ್ಟ್ ಮಾನಿಟರಿನಲ್ಲಿ ಒಂದೇ ಕೊರತೆ: ರಿವರ್ಬ್, ಅಂದರೆ ದೊಡ್ಡ ಹಾಲಿನಲ್ಲಿ ಹಾಡಿದಂಥ ಮೊರೆತ ಕೇಳುವುದಿಲ್ಲ, ದನಿ ಒಣಒಣ. ಅಭ್ಯಾಸವಾಗುತ್ತದೆ. ನನ್ನ ಅನುಭವದಲ್ಲಿ ಒಣ ದನಿ ಕೇಳಿಕೊಂಡು ಹಾಡಿದವರ ಶ್ರುತಿಯೇ ಹೆಚ್ಚು ಸ್ಪಷ್ಟ ಇರುತ್ತದೆ.

ನನ್ನ ವೈರ್‌ಲೆಸ್ ಹೆಡ್‌ಫೋನಿಗೆ 3.5 ಮಿಮೀ ವೈರೂ ಕೊಟ್ಟಿದಾರೆ. ಅದನ್ನ ಚುಚ್ಚಿಕೊಂಡ್ರೆ ಸಮಸ್ಯೆ ಮುಗೀತಲ್ಲ?

ಬಹಳ ಸಲ ಮುಗಿಯುತ್ತದೆ. ಹೊಸದು ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ. ಹೆಡ್‌ಫೋನನ್ನು ಪೂರ್ತಿ ಆಫ್ ಮಾಡಿ ವೈರು ಚುಚ್ಚಿ. ದನಿ ಬಂತು ಅಂದರೆ ನೀವು ಗೆದ್ದಿರಿ. ಕೆಲವು ಆಫ್ ಇದ್ದರೆ ಸುಮ್ಮನಿರುತ್ತವೆ, ಆನ್ ಮಾಡಿದರೆ ಮಾತ್ರ ಹಾಡುತ್ತವೆ. ಅಂಥವು ವೈರಿನಿಂದ ಬಂದದ್ದನ್ನೂ ಒಳಗೆ ಮತ್ತೆ ಡಿಜಿಟಲ್ ಮಾಡಿ, ತಮ್ಮ ಬೇಸ್ ಮಸಾಲೆ ಹಾಕಿ, ಆಮೇಲೆ ಕೇಳಿಸುತ್ತವೆ. ಅಲ್ಲಿ ಸ್ವಲ್ಪ ತಡ ಸೇರಬಹುದು. ಮೇಲೆ ಹೇಳಿದ ಕ್ಲಿಕ್ ಪರೀಕ್ಷೆ ಇಲ್ಲೂ ಮಾಡಿ ನೋಡಿ, ಐದು ನಿಮಿಷದ ಕೆಲಸ. ಇನ್ನು ಆಫ್ ಮಾಡಿ ಕೇಳಿದಾಗ ದನಿ ಸಪ್ಪೆ ಅನ್ನಿಸಿದರೆ ಗಾಬರಿಯಾಗಬೇಡಿ, ಮಸಾಲೆ ಹೋಗಿದೆ ಅಷ್ಟೇ.

ಆಪಲ್‌ನವರೇ ಈ ಸಮಸ್ಯೆಗೆ ಕೊನೆಗೆ ವೈರಿನ ಮೊರೆಹೋದರು ಅನ್ನುವುದು ನನಗೆ ತಮಾಷೆ. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ತೂತು ತೆಗೆದವರು, 2025ರಲ್ಲಿ ಯುಎಸ್‌ಬಿ-ಸಿ ಇರುವ ಏರ್‌ಪಾಡ್ಸ್ ಮ್ಯಾಕ್ಸ್‌ಗೆ ಅಪ್‌ಡೇಟ್ ಕೊಟ್ಟು, ಕೇಬಲ್ ಚುಚ್ಚಿದರೆ ದನಿ ಅದುಮದೆ, ತಡ ತೀರಾ ಕಮ್ಮಿಯಾಗಿ ಬರುತ್ತದೆ, ಸಂಗೀತ ಮಾಡುವವರಿಗೆ ಒಳ್ಳೆಯದು ಅಂದರು.

ಮುಚ್ಚಿದ್ದಾ, ಓಪನ್ನಾ? ಓಪನ್ ಹೆಡ್‌ಫೋನ್ ಕಿವಿಗೆ ಹಿತ ಅಂತಾರಲ್ಲ.

ಹಿತವೇ. ಆದರೆ ಅದರ ಬೆನ್ನು ತೆರೆದಿರುತ್ತದೆ, ಒಳಗಿನ ದನಿ ಹೊರಗೂ ಸೋರುತ್ತದೆ, ನೇರ ಮೈಕಿಗೆ ಬೀಳುತ್ತದೆ. ತಬಲಾ, ಗಿಟಾರಿನ ಜೋರಿನಲ್ಲಿ ಇದು ಮುಚ್ಚಿಹೋಗುತ್ತದೆ. ಆಲಾಪದಲ್ಲಿ ಉಸಿರು ತಗೊಳ್ಳುವ ಜಾಗದಲ್ಲಿ, ಕಥೆ ಓದುವಾಗ ನಿಲ್ಲುವ ಜಾಗದಲ್ಲಿ "ಟಿಕ್… ಟಿಕ್…" ಅಂತ ಕ್ಲಿಕ್ಕು ಇಣುಕುತ್ತದೆ. ಒಮ್ಮೆ ಹಿಡಿದ ಮೇಲೆ ಅದನ್ನು ತೆಗೆಯುವುದೆಂದರೆ ಅಕ್ಕಿಯಿಂದ ಬಿಳಿ ಕಲ್ಲು ಆರಿಸಿದ ಹಾಗೆ.

ನಮ್ಮ ಹಾಡುಗಾರರಿಗೆ ಒಂದು ಕಿವಿ ಬಿಟ್ಟು ಹಾಡುವ ಅಭ್ಯಾಸ. ತಪ್ಪಲ್ಲ, ತನ್ನ ದನಿ ಸಹಜವಾಗಿ ಕೇಳಲಿ ಅಂತ. ಆದರೆ ಬಿಟ್ಟ ಕಿವಿಯ ಕಡೆಯ ಹೆಡ್‌ಫೋನ್ ಬಟ್ಟಲು ಕೆನ್ನೆಯ ಮೇಲೆ ಕೂತು ಮೈಕಿಗೇ ಹಾಡುತ್ತಿರುತ್ತದೆ. ಅದಕ್ಕೆ ಎರಡು ಉಪಾಯ: ಆ ಬಟ್ಟಲನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಮುಚ್ಚಿ, ಇಲ್ಲವೇ ಟ್ರ್ಯಾಕನ್ನು ಪೂರ್ತಿ ಇನ್ನೊಂದು ಕಡೆಗೇ ತಿರುಗಿಸಿ. ತಂಬೂರಿ ಆ್ಯಪನ್ನು ಕೂಡ ಕೋಣೆಯಲ್ಲಿ ಬಿಡದೆ ಹೆಡ್‌ಫೋನಿನೊಳಗೇ ಹಾಕಿಕೊಳ್ಳಿ, ಆಮೇಲೆ ಬೇರೆ ಟ್ರ್ಯಾಕಾಗಿ ಸೇರಿಸಿದರಾಯಿತು.

ಯಾವ ಮಾಡೆಲ್ ಅಂತ ಹೆಸರು ಹೇಳಿ.

ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ, ಇವತ್ತಿಗೂ ಸ್ಟುಡಿಯೊಗಳಲ್ಲಿ ನೇತಾಡುತ್ತಿರುತ್ತದೆ. ದನಿಯ ಕೊಂಕನ್ನೆಲ್ಲ ಕ್ರೂರವಾಗಿ ತೋರಿಸುತ್ತದೆ, ಕಥೆ ಓದುವವರಿಗೆ ನಾನು ಹೇಳುವುದು ಇದನ್ನೇ. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಗಟ್ಟಿಯಾಗಿ ಕಿವಿ ಮುಚ್ಚುತ್ತದೆ, ಸೋರುವುದು ಕಮ್ಮಿ, ಆದರೆ ಬೇಸಿಗೆಯಲ್ಲಿ ಅರ್ಧ ಗಂಟೆಗೆ ಕಿವಿ ಬೆವರುತ್ತದೆ. ಬೇಯರ್‌ಡೈನಮಿಕ್ ಡಿಟಿ 770 ಪ್ರೊದ ಮೆತ್ತೆ ಹೆಚ್ಚಾಗಿ ಬಟ್ಟೆಯದು, ನಮ್ಮ ಸೆಕೆಗೆ ಅದೇ ವಾಸಿ. ಕೈ ಬಿಗಿ ಇದ್ದರೆ ಆಡಿಯೊ-ಟೆಕ್ನಿಕಾ ಎಟಿಎಚ್-ಎಂ20ಎಕ್ಸ್ ಸಾಕು. ಅದರ ವೈರು ಕಳಚಲು ಬರುವುದಿಲ್ಲ ಅನ್ನುವುದನ್ನು ನೆನಪಿಡಿ. ಹೆಸರಾಂತ ಮಾಡೆಲ್‌ಗಳಿಗೆ ನಕಲಿ ಕಾಟ ಇದೆ, ಬೆಲೆ ತೀರಾ ಕಮ್ಮಿ ಕಂಡರೆ ಬಿಲ್ಲು ಕೇಳಿ.

ಡಿಟಿ 770 ಪ್ರೊದಲ್ಲಿ 32 ಓಮ್, 80 ಓಮ್, 250 ಓಮ್ ಅಂತ ಮೂರು ಥರ ಇದೆ. ದೊಡ್ಡ ನಂಬರ್ ಒಳ್ಳೇದಾ?

ಓಮ್ ಅಂದರೆ ಹೆಡ್‌ಫೋನು ವಿದ್ಯುತ್ತಿಗೆ ಒಡ್ಡುವ ತಡೆ, ಗುಣದ ಅಂಕವಲ್ಲ. ಮನೆಗೆ 32 ಅಥವಾ 80. 250 ಓಮ್‌ನದು ಫೋನಿಗೆ, ಸಣ್ಣ ಇಂಟರ್‌ಫೇಸಿಗೆ ಹಾಕಿದರೆ ಪೂರ್ತಿ ತಿರುಗಿಸಿದರೂ ಪಿಸುಗುಟ್ಟುತ್ತದೆ.

ಫೋನಲ್ಲೇ ರೆಕಾರ್ಡ್ ಮಾಡ್ತೀನಿ. ಫೋನಿಗೆ ಹೆಡ್‌ಫೋನ್ ತೂತೇ ಇಲ್ಲ.

ಯುಎಸ್‌ಬಿ-ಸಿಯಿಂದ 3.5 ಮಿಮೀಗೆ ಬದಲಿಸುವ ಸಣ್ಣ ಬಾಲ ಸಿಗುತ್ತದೆ. ಬೆಂಗಳೂರಿನಲ್ಲಿರುವವರು ಎಸ್.ಪಿ. ರೋಡಿಗೆ ಹೋದರೆ ರಾಶಿ ಬಿದ್ದಿರುತ್ತವೆ. ಆದರೆ ಇದರಲ್ಲಿ ಎರಡು ಜಾತಿ. ಒಂದರೊಳಗೆ ಡಿಜಿಟಲ್ ಅನ್ನು ದನಿ ಮಾಡುವ ಚಿಪ್ಪು, ಅಂದರೆ ಡ್ಯಾಕ್ ಇರುತ್ತದೆ, ಇನ್ನೊಂದು ಬರೀ ತಂತಿ. ತಂತಿಯದು ಕೆಲವೇ ಫೋನುಗಳಲ್ಲಿ ಕೆಲಸ ಮಾಡುತ್ತದೆ. "ಡ್ಯಾಕ್ ಇರೋದು ಕೊಡಿ" ಅಂತ ಕೇಳಿ, ನಿಮ್ಮ ಫೋನಿಗೆ ಅಲ್ಲೇ ಚುಚ್ಚಿ ಕೇಳಿ ತಗೊಳ್ಳಿ. ಮೈಕನ್ನೂ ಅದೇ ಫೋನಿಗೆ ಚುಚ್ಚುವುದಾದರೆ ಬಾಲದ ಬದಲು ಹೆಡ್‌ಫೋನ್ ತೂತಿರುವ ಯುಎಸ್‌ಬಿ ಮೈಕೋ ಸಣ್ಣ ಇಂಟರ್‌ಫೇಸೋ ಲೇಸು, ಒಂದೇ ತಂತಿಯಲ್ಲಿ ಎರಡೂ ಆಗುತ್ತದೆ.

ವೈರ್ ಹಾಕಿದ್ರೆ ಕಿವೀಲಿ 'ಗುಂಯ್' ಅನ್ನುತ್ತೆ. ವೈರ್‌ಲೆಸ್‌ನಲ್ಲಿ ಇರಲಿಲ್ಲ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗ್ ಸಮಸ್ಯೆ. ಎರಡೇ ಕಡ್ಡಿಯ ಚಾರ್ಜರು, ಅರ್ಥ್ ಇಲ್ಲದ ಹಳೇ ಮನೆಯ ಸ್ವಿಚ್ ಬೋರ್ಡು ಇದ್ದಲ್ಲಿ ಇದು ಮಾಮೂಲು. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ನನ್ನ ಅತ್ಯುತ್ತಮ ರೆಕಾರ್ಡಿಂಗುಗಳೆಲ್ಲ ಕರೆಂಟ್ ಹೋದಾಗ ಆದವು: ಫ್ಯಾನಿಲ್ಲ, ಫ್ರಿಜ್ ಇಲ್ಲ, ಪಕ್ಕದ ಮನೆಯ ಟಿವಿಯೂ ಇಲ್ಲ.

ವೈರಿನ ಕಿರಿಕಿರಿ ಸಹಿಸೋಕಾಗಲ್ಲ. ಕೈಗೆ ಕಾಲಿಗೆ ಸಿಕ್ಕುತ್ತೆ.

ನಿಜ, ಇದು ವೈರ್‌ಲೆಸ್‌ನವರ ಗಟ್ಟಿ ವಾದ. ವೈರು ಅಂಗಿಗೆ ಉಜ್ಜಿದರೆ ಸರಸರ ಸದ್ದು ಕಿವಿಗೂ ಕೇಳುತ್ತದೆ, ಕೆಲವೊಮ್ಮೆ ಮೈಕಿಗೂ. ವೈರನ್ನು ಎದೆಯ ಮೇಲೆ ಬಿಡಬೇಡಿ. ಹೆಗಲ ಮೇಲಿಂದ ಬೆನ್ನಿಗೆ ಹಾಕಿ, ಸೊಂಟದ ಹತ್ತಿರ ಒಂದು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ಹೌದು, ಬಟ್ಟೆ ಒಣಹಾಕುವ ಅದೇ ಕ್ಲಿಪ್ಪು. ತಲೆ ಆಡಿಸಿದರೂ ವೈರು ಎಳೆಯುವುದಿಲ್ಲ. ಕೆಳಗೆ ಗಾಲಿ ಇರುವ ಆಫೀಸು ಕುರ್ಚಿ ಇದ್ದರೆ ತೆಗೆದು ಸಾದಾ ಕುರ್ಚಿ ಹಾಕಿ. ನನ್ನ ಎರಡು ವೈರು ಸತ್ತದ್ದು ಆ ಗಾಲಿಯ ಕೆಳಗೇ. ಕಿತ್ತುಹೋದ ವೈರಿನ ತುದಿಗೆ ಹೊಸ ಪಿನ್ನು ಬೆಸುಗೆ ಹಾಕಿಕೊಡುವವರು ಪ್ರತಿ ಊರಲ್ಲೂ ಒಬ್ಬರಾದರೂ ಇದ್ದಾರೆ. ಸತ್ತ ಇಯರ್‌ಬಡ್ಡಿನ ಬ್ಯಾಟರಿ ಬದಲಿಸಿಕೊಡುವವರನ್ನು ಹುಡುಕಿ ನೋಡಿ, ಆಗ ವೈರಿನ ಬೆಲೆ ಗೊತ್ತಾಗುತ್ತದೆ.

ಇಂಟರ್‌ಫೇಸಿನ ದಪ್ಪ ತೂತಿಗೆ ಬೇಕಾದ 6.35 ಮಿಮೀ ಅಡಾಪ್ಟರನ್ನು ಎರಡು ತಂದಿಟ್ಟುಕೊಳ್ಳಿ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿ ಕರೆ ಸೇರಿಸುತ್ತಿದ್ದರಲ್ಲ, ಆ ಪಿನ್ನಿನ ವಂಶದ್ದೇ ಇದು. ನೂರು ವರ್ಷಕ್ಕೂ ಮೇಲೆ ಬಾಳಿದೆ, ಮೇಜಿನ ಮೇಲೆ ಮಾತ್ರ ಒಂದು ವಾರ ನಿಲ್ಲುವುದಿಲ್ಲ.

ಮೃದಂಗ, ಕೀಬೋರ್ಡ್ ನುಡಿಸೋವ್ರಿಗೂ ಇದೇ ಮಾತಾ?

ಮೃದಂಗದವರಿಗೆ ತಮ್ಮ ನಾದ ಕೋಣೆಯಲ್ಲೇ ಕೇಳುತ್ತದೆ, ಟ್ರ್ಯಾಕಿನ ತಡ ಒಂದೇ ತೊಂದರೆ. ಕೀಬೋರ್ಡನ್ನು ಕಂಪ್ಯೂಟರಿಗೆ ಸೇರಿಸಿ ನುಡಿಸುವವರ ಪಾಡು ಕೆಟ್ಟದ್ದು. ಅವರಿಗೆ ಹೆಡ್‌ಫೋನಿನಿಂದ ಬಂದರೇ ನಾದ, ಇಲ್ಲದಿದ್ದರೆ ಬರೀ ಪ್ಲಾಸ್ಟಿಕ್ಕಿನ ಟಕಟಕ. ಡೈರೆಕ್ಟ್ ಮಾನಿಟರ್ ಕೂಡ ಉಪಯೋಗಕ್ಕೆ ಬರುವುದಿಲ್ಲ. ವೈರು, ಸಣ್ಣ ಬಫರು, ಬೇರೆ ದಾರಿ ಇಲ್ಲ.

ಗದ್ದಲ ಅಳಿಸೋ ಹೆಡ್‌ಫೋನ್ ಹಾಕ್ಕೊಂಡ್ರೆ ಹೊರಗಿನ ಆಟೋ ಸದ್ದು ರೆಕಾರ್ಡ್ ಆಗಲ್ಲ ಅಲ್ವಾ?

ಆಗುತ್ತದೆ! ಅದು ಅಳಿಸುವುದು ನಿಮ್ಮ ಕಿವಿಯಿಂದ ಮಾತ್ರ, ಮೈಕಿಗೆ ಅದು ಗೊತ್ತಿಲ್ಲ. ಫ್ಯಾನು ತಿರುಗುತ್ತಿದೆ, ಕುಕ್ಕರು ಕೂಗುತ್ತಿದೆ, ನಿಮಗೆ ಮಾತ್ರ ಎಲ್ಲ ಶಾಂತ. ರೆಕಾರ್ಡಿಂಗಿನ ಹೊತ್ತಿನಲ್ಲಿ ಅದನ್ನು ಆಫ್ ಮಾಡಿಡಿ.

ಹಾಡಿ ಆಯ್ತು. ಎಡಿಟಿಂಗ್, ಮಿಕ್ಸಿಂಗ್ ವೈರ್‌ಲೆಸ್‌ನಲ್ಲಿ ಮಾಡಬಹುದಾ?

ಕಥೆ, ಮಾತುಕತೆಯ ಎಡಿಟಿಂಗ್ ಧಾರಾಳವಾಗಿ ಮಾಡಿ. ಕತ್ತರಿಸುವ ಜಾಗವನ್ನು ಕಿವಿಯಿಂದಲ್ಲ, ಪರದೆಯ ಮೇಲಿನ ಅಲೆ ನೋಡಿ ಗುರುತಿಸಿ. ಕೇಳಿದ ಕೂಡಲೇ ನಿಲ್ಲಿಸಿದರೆ ಗೆರೆ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಹಾಡಿನ ಮಿಕ್ಸಿಂಗಿಗೆ ನಾನು ವೈರನ್ನೇ ಹಾಕುತ್ತೇನೆ, ಯಾಕೆಂದರೆ ಬೇಸ್ ಉಬ್ಬಿಸುವ ಹೆಡ್‌ಫೋನಿನಲ್ಲಿ ಕೂತು ಮಿಕ್ಸ್ ಮಾಡಿದರೆ ನಾವು ಮೃದಂಗದ ಎಡಗೈಯನ್ನು ತಗ್ಗಿಸಿಬಿಡುತ್ತೇವೆ, ಬೇರೆಯವರ ಸ್ಪೀಕರಿನಲ್ಲಿ ಅದು ತೆಳ್ಳಗೆ ಕೇಳುತ್ತದೆ.

ಹಾಗಾದ್ರೆ ನನ್ನ ಇಯರ್‌ಬಡ್ಸ್ ಮಾರಿಬಿಡಲಾ?

ಬೇಡ ಮಾರಾಯ್ರೇ. ನಿಮ್ಮ ಹಾಡು ಕೇಳುವವರು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ವಾಕಿಂಗಿನಲ್ಲಿ ಅಂಥದ್ದೇ ಇಯರ್‌ಬಡ್ ಹಾಕಿಕೊಂಡು ಕೇಳುತ್ತಾರೆ. ಮಿಕ್ಸ್ ಮುಗಿದ ಮಾರನೇ ದಿನ ಫೈಲನ್ನು ಫೋನಿಗೆ ಹಾಕಿಕೊಂಡು, ಇಯರ್‌ಬಡ್ ಸಿಕ್ಕಿಸಿಕೊಂಡು ಹಾಲು ತರಲು ಹೋಗುತ್ತೇನೆ. ರಸ್ತೆಯ ಸದ್ದಿನ ನಡುವೆ ಸಾಹಿತ್ಯದ ಒಂದೊಂದು ಪದವೂ ಕಿವಿಗೆ ಬಿದ್ದರೆ ಕಳಿಸುತ್ತೇನೆ. ಪಲ್ಲವಿಯ ಎರಡನೇ ಸಾಲು ಕೇಳಲಿಲ್ಲವೆಂದರೆ ವಾಪಸ್ ಬಂದು ಹಾಲು ಒಲೆ ಮೇಲಿಟ್ಟು ಲ್ಯಾಪ್‌ಟಾಪ್ ತೆಗೆಯುತ್ತೇನೆ. ಹಾಲು ಎಷ್ಟೋ ಸಲ ಉಕ್ಕಿದೆ.